ಹಿತ್ತಲ ಕವಿಯ ಪಾಕವಿಚಾರ

ಶಿರಸಿ, ಸಾಗರಗಳ ಸುತ್ತಿನ ಊರುಗಳಲ್ಲಿ ಬೇಸಿಗೆ ಕಾಲಿಟ್ಟೊಡನೆ ಚಿಗುರುವ ಒಂದು ಬಗೆಯ ಸಾಹಿತಿಯನ್ನು ಹಿತ್ತಲ ಕವಿ ಎಂದು ಕರೆಯಬಹುದು. ನೌಕರಿಯಿಂದ ನಿವೃತ್ತನಾಗಿ, ಸ್ವಂತ ಖರ್ಚಿನಲ್ಲಿ ಒಂದೋ ಎರಡೋ ಸಂಕಲನಗಳನ್ನು ಅಚ್ಚುಹಾಕಿಸಿ, ಬಚ್ಚಲ ನೀರು ಹರಿಯುವ ಕಡೆ ನಾಲ್ಕು ಸಾಲು ಸೌತೆ, ಬದನೆ, ಹರಿವೆ ಬೆಳೆದುಕೊಂಡಿರುವ ಈತನ ಸಿದ್ಧಾಂತವೆಂದರೆ, ಹಿತ್ತಲಿನ ಅಡುಗೆಗೂ ಕಾವ್ಯರಚನೆಗೂ ಭೇದವಿಲ್ಲವೆಂಬುದು. ಸಾಲುಗಳಿಗೆ ನೀರು ಹೊಯ್ಯುವುದು, ಕಾಯಿ ತುರಿಯುವುದು, ಬೀಸಿ ರುಬ್ಬುವುದು ಮನೆಯಾಕೆಯ ಪಾಲಿನವು. ಸಿದ್ಧಾಂತ ಮಾತ್ರ ಪೂರ್ತಿಯಾಗಿ ಆತನದೇ.

ಈ ಸಿದ್ಧಾಂತಕ್ಕೆ ಶಾಸ್ತ್ರಾಧಾರವಿಲ್ಲವೆನ್ನುವಂತಿಲ್ಲ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ದಲ್ಲಿ ಗಿಡಮರಗಳ ಆರೈಕೆಯನ್ನು ತಿಳಿಸುವ ವೃಕ್ಷಾಯುರ್ವೇದವೂ ಅಡುಗೆಯನ್ನು ತಿಳಿಸುವ ಸೂಪಶಾಸ್ತ್ರವೂ ಒಂದೇ ಗ್ರಂಥದೊಳಗೆ ಸೇರಿವೆ, ಮೂರನೆಯ ಮಂಗರಸನಂತೂ ‘ಸೂಪಶಾಸ್ತ್ರ’ವೆಂಬ ಇಡೀ ಅಡುಗೆಯ ಗ್ರಂಥವನ್ನೇ ಷಟ್ಪದಿಯಲ್ಲಿ ಬರೆದಿದ್ದಾನೆ. ಆದುದರಿಂದ ಒಂದೆಲಗವನ್ನು ಜೀರಿಗೆ, ಕಾಳುಮೆಣಸು, ತೆಂಗಿನತುರಿಗಳೊಡನೆ ರುಬ್ಬಿ, ಮಜ್ಜಿಗೆಗೆ ಬೆರೆಸಿ, ಕುದಿಸದೆ ಉಣ್ಣುವ ತಂಬುಳಿಯನ್ನು ಹಿತ್ತಲ ಕವಿ ಛಂದಸ್ಸಿನ ಹಂಗಿಲ್ಲದ ನವ್ಯಕಾವ್ಯವೆಂದು ವರ್ಗೀಕರಿಸಿದರೆ, ಬೇಳೆ ಬೇಯಬೇಕಾದ, ಮಸಾಲೆ ಹುರಿಯಬೇಕಾದ ಹುಳಿಯನ್ನು ಮಹಾಕಾವ್ಯವೆಂದು ಮನ್ನಿಸಿದರೆ, ಊಟಕ್ಕೆ ಕುಳಿತವರು ಅಲ್ಲಗಳೆಯುವುದಿಲ್ಲ. ಅವರ ಬಾಯಿ ತುಂಬಿರುತ್ತದೆ.

ರಾಜಶೇಖರನ ‘ಕಾವ್ಯಮೀಮಾಂಸೆ’ ಆತನ ಬ್ರಹ್ಮಾಸ್ತ್ರ. ಕಾವ್ಯವು ಪಕ್ವವಾಗುವ ಬಗೆಯನ್ನು ಆ ಗ್ರಂಥ ಒಂಬತ್ತು ಪಾಕಗಳಾಗಿ ವಿಂಗಡಿಸುತ್ತದೆ: ಮೊದಲೂ ಕೊನೆಯೂ ಸವಿಯಾಗಿರುವುದು ನಾಲಿಕೇರಪಾಕ, ಅಂದರೆ ತೆಂಗಿನದು, ಮೊದಲು ಸಾಧಾರಣವಾಗಿದ್ದು ಕೊನೆಗೆ ರುಚಿಗೆಡುವುದು ವಾರ್ತಾಕಪಾಕ, ಅಂದರೆ ಬದನೆಯದು, ಮೊದಲು ಉತ್ತಮವಾಗಿದ್ದು ಕೊನೆಗೆ ಮಧ್ಯಮಕ್ಕಿಳಿಯುವುದು ತ್ರಪುಸಪಾಕ, ಅಂದರೆ ಸೌತೆಯದು. ಹಿತ್ತಲ ಕವಿ ತನ್ನ ಕವನಗಳನ್ನು ಒಂದೂ ಬಿಡದೆ ತೆಂಗಿನ ಲೆಕ್ಕಕ್ಕೂ, ಊರಿನ ಉಳಿದ ಕವಿಗಳದ್ದನ್ನು ಬದನೆಯ ಲೆಕ್ಕಕ್ಕೂ ಹಾಕುತ್ತಾನೆ. ಊಟದ ಕೊನೆಗೆ, ಬೇಯಿಸಿ ಕಿವುಚಿದ ಮಾವಿನಕಾಯಿಯ ತಿಳಿಗೆ ಇಂಗು, ಒಣಮೆಣಸಿನ ಒಗ್ಗರಣೆ ಬಿದ್ದ ಅಪ್ಪೆಹುಳಿ ಲೋಟ ತುಂಬಿ ಬರುತ್ತದೆ, ಅದರ ಹಿಂದೆಯೇ ಕವನವಾಚನವೂ ಶುರುವಾಗುತ್ತದೆ. ಅಪ್ಪೆಹುಳಿ ಕುಡಿದರೆ ನಿದ್ದೆ ಬರುತ್ತದೆಂಬುದು ಸೀಮೆಗೆಲ್ಲ ಗೊತ್ತಿರುವ ಮಾತಾದ್ದರಿಂದ, ಮೂರನೆಯ ನುಡಿಗೆ ನೆಂಟರು ತೂಕಡಿಸಿದರೂ ಕವಿಗೆ ಬೇಸರವಾಗುವುದಿಲ್ಲ.

ಆತನ ನಿಜವಾದ ಕೊರತೆ ಕೀಳಲಾರದಿರುವುದು. ಒತ್ತೊತ್ತಾಗಿ ಎದ್ದ ಹರಿವೆಯ ಸಸಿಗಳಲ್ಲಿ ಒಂದನ್ನೂ ಕಿತ್ತು ತೆಳುಮಾಡಲು ಮನಸ್ಸೊಪ್ಪದ, ಎಳೆಯದಾಗಿ ಕೊಯ್ಯಬೇಕಾದ ಸೌತೆಯನ್ನು “ಇನ್ನೂ ನಾಲ್ಕು ದಿನ ಬೆಳೆಯಲಿ” ಎಂದು ಬಳ್ಳಿಯಲ್ಲೇ ಬಿಟ್ಟು ಬೀಜ ಬಲಿಸುವ ಈತನ ಕವನಗಳೂ ಹಾಗೆಯೇ, ಹೇಳಬೇಕಾದದ್ದು ಮುಗಿದ ಮೇಲೆ ಇನ್ನೆರಡು ನುಡಿ ಬೆಳೆದಿರುತ್ತವೆ. ಮನೆಯಾಕೆಯ ಕ್ರಮ ಬೇರೆ. ಆಕೆ ಸೌತೆಯ ತೊಟ್ಟಿನ ಕಡೆಯ ಬಿಲ್ಲೆಯನ್ನು ಕತ್ತರಿಸಿ, ಅದರಿಂದಲೇ ಕೊಯ್ದ ಭಾಗವನ್ನು ತಿಕ್ಕಿ ನೊರೆ ಬರಿಸಿ, ಒಂದು ಚೂರನ್ನು ಬಾಯಿಗಿಟ್ಟು ಕಹಿಯಿಲ್ಲವೆಂದು ಖಾತ್ರಿಪಡಿಸಿಕೊಂಡು, ಬಲಿತ ಬೀಜವನ್ನೆಲ್ಲ ಬೆರಳಿನಿಂದ ಕೆರೆದು ತೆಗೆದ ಮೇಲಷ್ಟೇ ಹೋಳುಗಳನ್ನು ಹುಳಿಗೆ ಹಾಕುತ್ತಾಳೆ. ಕವನ ಕೇಳಿದಾಗ ಆಕೆ ಕೊಡುವ ಅಭಿಪ್ರಾಯವೂ ಅದೇ ಕೈಯದು: “ಚೆನ್ನಾಗಿದೆ ನೋಡಿ, ಕೊನೆಯ ಎರಡು ನುಡಿ ಬೇಡವಾಗಿತ್ತು.”

ರಾಜಶೇಖರನನ್ನು ಓದದವರ ಮಾತಿಗೆ ಕಿವಿಗೊಡಬಾರದೆಂದು ಕವಿ ಇಡೀ ಕವನವನ್ನು ಪತ್ರಿಕೆಗೆ ಕಳಿಸುತ್ತಾನೆ. ಪತ್ರಿಕೆಯವರು ಆ ಎರಡು ನುಡಿಗಳನ್ನೇ ಕೈಬಿಟ್ಟು ಅಚ್ಚು ಹಾಕುತ್ತಾರೆ. ಇಂದಿನ ಸಂಪಾದಕರಿಗೆ ರುಚಿಯೇ ಇಲ್ಲವೆಂದು ಆತ ಎಲೆಯ ಮುಂದೆ ಕುಳಿತು ದೀರ್ಘವಾಗಿ ಖಂಡಿಸುತ್ತಾನೆ. ಖಂಡಿಸುತ್ತಲೇ, ಬೀಜ ತೆಗೆದ ಸೌತೆಯ ಹುಳಿಯನ್ನು ಮೂರನೆಯ ಸಲ ಬಡಿಸಿಕೊಳ್ಳುತ್ತಾನೆ.