ಡಕ್ಟಿನಲ್ಲಿ ಬೂಷ್ಟು, ವಾಟ್ಸಾಪಿನಲ್ಲಿ ಗದ್ದಲ

ಹ್ಯೂಸ್ಟನ್ನಿನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಮೊದಲು ಊರಿನ ಮಳೆ, ಆಮೇಲೆ ಮನೆಯ ಬೆಲೆ. ಈಚೆಗೆ ಇವೆರಡನ್ನೂ ಹಿಂದೆ ಹಾಕಿ, ಏಸಿಯ ಗಾಳಿಯನ್ನು ಕೋಣೆಕೋಣೆಗೆ ಒಯ್ಯುವ ಡಕ್ಟಿನ ಬೂಷ್ಟು ಮುಂದೆ ಬಂದಿದೆ. ಗಾಳಿ ಬರುವ ಜಾಲರಿಯ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ ಕಂಡರೆ ಸಾಕು, ವಾಟ್ಸಾಪಿನಲ್ಲಿ ಫೋಟೊ, ಅದರ ಕೆಳಗೆ ಸಾಫ್ಟ್‌ವೇರ್ ವೈದ್ಯರ ಸಾಲು. ಹೆಚ್ಚು ಬೆವರುವವರು ಯಾರು ಬಲ್ಲಿರಾ? ಆಗುಂಬೆ, ತೀರ್ಥಹಳ್ಳಿ ಕಡೆಯವರು! ಆಷಾಢ ಬಂತೆಂದರೆ ಚಪ್ಪಲಿ, ಬೆಲ್ಟು, ಅಪ್ಪನ ಮದುವೆ ಆಲ್ಬಮ್ಮು ಎಲ್ಲಕ್ಕೂ ಹಸಿರು ಮೀಸೆ ಮೂಡುವ ಮನೆಗಳಲ್ಲಿ ಬೆಳೆದವರು ಇಲ್ಲಿ ಏಣಿ ಹತ್ತಿ, ಟಾರ್ಚು ಬಿಟ್ಟು, ‘ಬ್ಲ್ಯಾಕ್ ಮೋಲ್ಡೇ ಕಣ್ರೀ’ ಎಂದು ನಡುಗುತ್ತಾರೆ.

ಇಂಥ ಭಯದ ವಾಸನೆ ಹಿಡಿದೇ ಫೋನು ಬರುತ್ತದೆ: ಇಡೀ ಮನೆಯ ಡಕ್ಟು 99 ಡಾಲರಿಗೆ ಕ್ಲೀನು! ಬಂದ ಪುಣ್ಯಾತ್ಮ ಒಳಗೆ ಇಣುಕಿ, ಮುಖ ಸಪ್ಪಗೆ ಮಾಡಿ, ‘ಮನೇಲಿ ಮಕ್ಕಳಿದ್ದಾರಾ?’ ಎಂದು ಕೇಳುವ ಹೊತ್ತಿಗೆ ಬಿಲ್ಲಿಗೆ ಇನ್ನೊಂದು ಅಂಕಿ ಸೇರಿರುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಹೇಳುವುದೇ ಬೇರೆ. ವರ್ಷವರ್ಷ ಡಕ್ಟು ತೊಳೆಸುವ ಅಗತ್ಯವಿಲ್ಲ. ಕಣ್ಣಿಗೆ ಕಾಣುವಷ್ಟು ಬೂಷ್ಟು ಹರಡಿದ್ದರೆ, ಇಲಿಯೋ ಹುಳುವೋ ಸಂಸಾರ ಹೂಡಿದ್ದರೆ, ಧೂಳು ಕಟ್ಟಿ ಗಾಳಿಯೇ ಬಾರದಿದ್ದರೆ ಮಾತ್ರ ಆ ಮಾತು. ಫೈಬರ್‌ಗ್ಲಾಸಿನ ಪದರ ಒದ್ದೆಯಾಗಿ ಬೂಷ್ಟು ಹಿಡಿದಿತ್ತೋ, ಯಾವ ಸ್ಪ್ರೇಗೂ ಬಗ್ಗದು, ಕಿತ್ತು ಹೊಸದು ಹಾಕಿಸಬೇಕು.

ನಮ್ಮವರಿಗೆ ಇಪಿಎಯ ಈ ಮಾತು ರುಚಿಸುವುದಿಲ್ಲ. ಮೇಲಿನ ಡಕ್ಟಿಗೆ ಸಾವಿರ ಸುರಿದಾರು, ಕೆಳಗಿನ ಪೈಪು ನೋಡಲಾರರು. ಏಸಿಯ ತಣ್ಣನೆ ಕಾಯಿಲಿನ ಮೇಲೆ ಗಾಳಿಯ ತೇವ ಹನಿಗಟ್ಟಿ, ಅಡಿಯ ತಟ್ಟೆಗಿಳಿದು, ಬೆರಳುದಪ್ಪದ ಒಂದು ಪೈಪಿನಲ್ಲಿ ಹೊರಗೆ ಹೋಗಬೇಕು. ಪೈಪಿನೊಳಗೆ ಲೋಳೆ ಕಟ್ಟಿದರೆ ನೀರು ಅಲ್ಲೇ ಮಡುಗಟ್ಟಿತು. ಧೂಳಿನ ಊಟ ಸಿದ್ಧವೇ ಇರುತ್ತದೆ. 24ರಿಂದ 48 ಗಂಟೆ ತೇವ ಸಿಕ್ಕರೆ ಬೂಷ್ಟಿನ ಗೃಹಪ್ರವೇಶ. ಎಷ್ಟೋ ಸಲ ಪೈಪಿಗೆ ಒಂದು ಲೋಟ ವಿನಿಗರ್ ಹುಯ್ದರೆ ಮುಗಿಯುವ ಕೆಲಸ. ಆದರೆ ಒಂದು ಲೋಟ ವಿನಿಗರ್ ಕಥೆಯನ್ನು ಪಾಟ್‌ಲಕ್ಕಿನಲ್ಲಿ ಹೇಳಿಕೊಂಡರೆ ಯಾರು ಕೇಳುತ್ತಾರೆ?

ಇನ್ನು ಥರ್ಮೋಸ್ಟಾಟ್ ಎಂಬ ದಾಂಪತ್ಯ ಯಂತ್ರ. ಗಂಡನಿಗೆ 78 ಡಿಗ್ರಿ ಫ್ಯಾರನ್‌ಹೀಟ್, ಹೆಂಡತಿಗೆ 70. ಜಗಳವೆಲ್ಲ ಈ ಅಂಕಿಯ ಮೇಲೇ; ಪಕ್ಕದ ಫ್ಯಾನಿನ ಗುಂಡಿ ಇಬ್ಬರ ಕಣ್ಣಿಗೂ ಬೀಳುವುದಿಲ್ಲ. ಅದು ‘ಆಟೋ’ದಲ್ಲಿರುವ ಬದಲು ಸದಾ ‘ಆನ್’ ಇದ್ದರೆ, ತಂಪು ನಿಂತ ಮೇಲೂ ಫ್ಯಾನು ತಿರುಗಿ, ಕಾಯಿಲಿನ ಮೇಲಿನ ನೀರನ್ನು ಮತ್ತೆ ಗಾಳಿಗೆ ಬೆರೆಸಿ ಮನೆಗೇ ವಾಪಸು ಕೊಡುತ್ತದೆ. ಪ್ರತಿಷ್ಠೆಗೆಂದು ಬೇಕಾದ್ದಕ್ಕಿಂತ ದೊಡ್ಡ ಏಸಿ ಕೂರಿಸಿದವರದು ಇನ್ನೊಂದು ಪಾಡು: ಅದು ಗಳಿಗೆಯಲ್ಲಿ ತಣ್ಣಗೆ ಮಾಡಿ ಮಲಗಿಬಿಡುತ್ತದೆ, ತೇವ ಹೀರಲು ಅದಕ್ಕೆ ಪುರುಸೊತ್ತೇ ಇಲ್ಲ. ಕಿಟಕಿ ಮುಚ್ಚಿ, ಚಿಮಣಿ ಹಾಕದೆ ದೊಡ್ಡ ಪಾತ್ರೆಯಲ್ಲಿ ಸಾರು ಕುದಿಸುವವರ ವಿಚಾರ ನಾನೆತ್ತುವುದಿಲ್ಲ, ನನಗೂ ಅವರ ಮನೆಯಲ್ಲಿ ಊಟ ಬೇಕು. ತೇವ ಅಳೆಯುವ ಪುಟ್ಟ ಮೀಟರು ಅಗ್ಗಕ್ಕೆ ಸಿಗುತ್ತದೆ. ಅದರ ಅಂಕಿ ಶೇಕಡಾ 60ರೊಳಗೆ, ಸಾಧ್ಯವಾದರೆ 30ರಿಂದ 50ರ ನಡುವೆ ಇದ್ದರೆ ಬೂಷ್ಟಿಗೆ ಉಪವಾಸ.

ಮೊನ್ನೆ ಶಿವಮೊಗ್ಗದಿಂದ ಬಂದ ಒಬ್ಬ ಅಜ್ಜಿ ಈ ಚರ್ಚೆಯನ್ನೆಲ್ಲ ಕೇಳಿ, ‘ಇಷ್ಟಕ್ಕೆ ಯಾಕ್ರೋ ಒದ್ದಾಡ್ತೀರಿ’ ಎಂದು ಗಾಳಿ ಎಳೆಯುವ ಜಾಲರಿಯ ಮುಂದೆ ಒಂದು ಹಿಡಿ ಸಾಂಬ್ರಾಣಿ ಹಾಕಿದರು. ಬೂಷ್ಟಿಗೆ ಏನಾಯಿತೋ ಕಾಣೆ. ಮನೆಯ ಅಷ್ಟೂ ಸ್ಮೋಕ್ ಅಲಾರಮ್ಮುಗಳು ಒಟ್ಟಿಗೆ ಮಂಗಳಾರತಿ ಹಾಡಿದವು.