‘ಫೋರ್ ಕೆ ಇದೆಯಾ ಅಂದ್ರಿ, ಇದೆ ಅಂದೆ!’
ಎಸ್.ಪಿ. ರಸ್ತೆಯ ಅಗ್ಗದ ಆ್ಯಕ್ಷನ್ ಕ್ಯಾಮೆರಾ ಜೊತೆ ಒಂದು ಕಾಲ್ಪನಿಕ ಸಂದರ್ಶನ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗದ ವಸ್ತುವಿಲ್ಲ ಎನ್ನುತ್ತಾರೆ. ಸಿಗುವುದರಲ್ಲಿ ಅಸಲಿ ಎಷ್ಟು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅಲ್ಲಿನ ಒಂದು ಗಾಜಿನ ಕಪಾಟಿನಲ್ಲಿ, ಪವರ್ ಬ್ಯಾಂಕುಗಳಿಗೂ ಬ್ಲೂಟೂತ್ ಸ್ಪೀಕರುಗಳಿಗೂ ನಡುವೆ ಕುಳಿತಿರುವ ಈ ಕ್ಯಾಮೆರಾ ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಪೆಟ್ಟಿಗೆಯ ಮೇಲಿನ ಹೆಸರು ಮಾತ್ರ ಮೂರು ಸಾಲು ಉದ್ದ: ‘ಅಲ್ಟ್ರಾ ಎಚ್‌ಡಿ 4ಕೆ ಸ್ಪೋರ್ಟ್ಸ್ ವೈಫೈ ವಾಟರ್‌ಪ್ರೂಫ್ 30 ಮೀಟರ್ ಪ್ರೊ ಮ್ಯಾಕ್ಸ್’. ತಯಾರಿಸಿದವರ ಹೆಸರು ಹುಡುಕಿದರೂ ಇಲ್ಲ. ಬೆಲೆ ಮೂರೂವರೆ ಸಾವಿರ. ಚೌಕಾಸಿ ಮಾಡಿದರೆ ಮೂರು. ಬಿಲ್ ಕೇಳಿದರೆ ಮತ್ತೆ ಮೂರೂವರೆ. ಶನಿವಾರ ರಾತ್ರಿಯೇ ಟ್ಯಾಂಕ್ ತುಂಬಿಸಿಟ್ಟುಕೊಂಡು ಭಾನುವಾರ ಬೆಳಕು ಹರಿಯುವ ಮುಂಚೆ ನಂದಿಬೆಟ್ಟದ ದಾರಿ ಹಿಡಿಯುವ ಸವಾರರೆಲ್ಲರ ಪರವಾಗಿ ಅದನ್ನು ಮಾತಿಗೆಳೆದಾಗ...

ಪ್ರಶ್ನೆ: ನಮಸ್ಕಾರ. ಮೊದಲು ತಮ್ಮ ಕುಲಗೋತ್ರ ತಿಳಿಸಿ.

ಕ್ಯಾಮೆರಾ: ಕುಲ ಆ್ಯಕ್ಷನ್, ಗೋತ್ರ ಶೆನ್‌ಜೆನ್. ಮೂಲಪುರುಷ ಗೋಪ್ರೋ. ಅಮೆರಿಕದ ನಿಕ್ ವುಡ್‌ಮನ್‌ಗೆ ಸಮುದ್ರದ ಅಲೆ ಮೇಲೆ ಜಾರೋ ಹುಚ್ಚು. ಜಾರುವಾಗಲೇ ಫೋಟೊ ತೆಗೀಬೇಕು ಅಂತ ಮಣಿಕಟ್ಟಿಗೆ ಕಟ್ಟಿಕೊಳ್ಳೋ ಕ್ಯಾಮೆರಾ ತಂದ. 2004ರಲ್ಲಿ ಮಾರಾಟಕ್ಕೆ ಬಂದ ಆ ಮೊದಲ ಮಾದರಿಗೆ 35 ಎಂಎಂ ರೀಲು ಹಾಕಬೇಕಿತ್ತು. ವಿಡಿಯೊ ಗಿಡಿಯೊ ಏನೂ ಇಲ್ಲ. ಅದನ್ನ ಮಾಡಿಕೊಟ್ಟಿದ್ದೂ ಚೀನಾದ ಕಂಪನಿಯೇ. ಆದ್ದರಿಂದ ‘ಚೀನಾ ಮಾಲು’ ಅಂತ ನನ್ನೊಬ್ಬನನ್ನ ನೋಡಿ ಮೂಗು ಮುರೀಬೇಡಿ. ಆ ಮನೆತನ ಮುಂದೆ ಬಂತು, ನಾವು ಇಲ್ಲೇ ಉಳಿದ್ವಿ, ಅಷ್ಟೇ.

ಪ್ರಶ್ನೆ: ಆದರೆ ನಿಮ್ಮನ್ನು ನಕಲಿ ಎನ್ನುತ್ತಾರಲ್ಲ?

ಕ್ಯಾಮೆರಾ: ಅದು ಹೊಗಳಿಕೆ ಆಯ್ತು. ನಾನು ನಕಲಿಯ ನಕಲಿ. ಹಿಂದೆ ಎಸ್‌ಜೆ 4000 ಅಂತ ಒಬ್ಬ ಬಂದ. ಗೋಪ್ರೋದ್ದೇ ಮುಖ, ಬೆಲೆ ಮಾತ್ರ ಬಡವರಿಗೆ ಎಟುಕೋದು. ಕೆಲಸಾನೂ ಪರವಾಗಿರಲಿಲ್ಲ. ಎಷ್ಟು ಓಡಿದ ಅಂದ್ರೆ, ಅವನ ಮುಖವನ್ನೇ ಅಚ್ಚು ಹಾಕಿ ಮಾರೋರು ಹುಟ್ಟಿಕೊಂಡರು. ಕೊನೆಗೆ ಕೊಂಡಿದ್ದು ಅಸಲಿಯೋ ಅಲ್ಲವೋ ಅಂತ ಪರೀಕ್ಷೆ ಮಾಡಿಕೊಳ್ಳೋ ವ್ಯವಸ್ಥೆಯನ್ನ ಅವನನ್ನ ಹೆತ್ತ ಎಸ್‌ಜೆಕ್ಯಾಮ್ ಕಂಪನಿಯೇ ಮಾಡಬೇಕಾಯ್ತು. ಆ ಪರೀಕ್ಷೇಲಿ ಫೇಲಾದವರ ಸಂತಾನ ನಾನು.

ಪ್ರಶ್ನೆ: ನೇರವಾಗಿ ಕೇಳುತ್ತೇನೆ. ಪೆಟ್ಟಿಗೆಯ ಮೇಲೆ 4ಕೆ ಎಂದಿದೆ. ನಿಜವೇ?

ಕ್ಯಾಮೆರಾ: ನಿಜವಾದ 4ಕೆ ಚೌಕಟ್ಟಿನಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕಿ ಇರಬೇಕು. ಗುಣಿಸಿದ್ರೆ ಸುಮಾರು 83 ಲಕ್ಷ. ನನ್ನ ಸೆನ್ಸರ್‌ಗೆ ಕಾಣೋದು 1080ಪಿ, ಅಂದ್ರೆ ಹೆಚ್ಚುಕಡಿಮೆ 21 ಲಕ್ಷ. ಉಳಿದದ್ದನ್ನ ಒಳಗಿರೋ ಚಿಪ್ಪು ಅಕ್ಕಪಕ್ಕದ ಚುಕ್ಕಿ ನೋಡಿ ಊಹೆ ಮೇಲೆ ತುಂಬುತ್ತೆ. ಇದಕ್ಕೆ ಇಂಟರ್‌ಪೊಲೇಷನ್ ಅಂತ ಭಾರಿ ಹೆಸರು. ನಾಲ್ಕು ಜನರ ಸಾರಿಗೆ ನೀರು ಸುರಿದು ಹದಿನಾರು ಜನಕ್ಕೆ ಬಡಿಸಿದ ಹಾಗೆ. ಊಟ ಯಾರಿಗೂ ರುಚಿಸಲ್ಲ, ಪಾತ್ರೆ ಮಾತ್ರ ನಿಜವಾಗ್ಲೂ ತುಂಬಿರುತ್ತೆ. ನಿಮ್ಮ ಮೆಮೊರಿ ಕಾರ್ಡೂ ಅಷ್ಟೇ.

ಪ್ರಶ್ನೆ: ಇದು ಮೋಸವಲ್ಲವೇ?

ಕ್ಯಾಮೆರಾ: ಸ್ವಾಮಿ, ಈ ಕಪಾಟಿನ ಮುಂದೆ ದಿನಕ್ಕೆ ಎಷ್ಟೋ ಜನ ನಿಲ್ತಾರೆ. ಹೆಲ್ಮೆಟ್ ಮೊಣಕೈಗೆ ಸಿಕ್ಕಿಸಿಕೊಂಡು ಬಗ್ಗಿ ನೋಡ್ತಾರೆ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ಬಾಸ್, ಫೋರ್ ಕೆ ಇದೆಯಾ?’ ಸೆನ್ಸರ್ ಯಾವುದು ಅಂತ ಒಬ್ಬನೂ ಕೇಳಲ್ಲ. ಅಲುಗಾಟ ತಡೆಯೋಕೆ ಒಳಗೆ ಜೈರೊ ಇದೆಯಾ ಅಂತ ಕೇಳಲ್ಲ. ಪಕ್ಕದಲ್ಲೊಬ್ಬ ಇದ್ದ, ಅವನ ಪೆಟ್ಟಿಗೆ ಮೇಲೆ ಪ್ರಾಮಾಣಿಕವಾಗಿ ‘ಫುಲ್ ಎಚ್‌ಡಿ’ ಅಂತಷ್ಟೇ ಬರೆದಿತ್ತು. ಧೂಳು ಹಿಡಿದು ಹಳದಿಯಾಗಿ, ಕೊನೆಗೆ ವಾಪಸ್ ಹೋದ. ಪೆಟ್ಟಿಗೆ ಮೇಲೆ ಬರೆಯೋದು ಕ್ಯಾಮೆರಾದ ಗುಣ ಅಲ್ಲ; ಗಿರಾಕಿ ಕೇಳೋ ಪ್ರಶ್ನೆಗೆ ಉತ್ತರ. ಪ್ರಶ್ನೆ ಬದಲಾಯಿಸಿ ನೋಡಿ, ಪೆಟ್ಟಿಗೆ ತಾನಾಗೇ ಬದಲಾಗುತ್ತೆ.

ಪ್ರಶ್ನೆ: ಅಂಗಡಿಯಲ್ಲೇ ನಿಮ್ಮ ಸುಳ್ಳು ಹಿಡಿಯುವುದು ಹೇಗೆ?

ಕ್ಯಾಮೆರಾ: ಸುಲಭ. ಎದುರು ಅಂಗಡಿಯ ಬೋರ್ಡನ್ನ ಒಮ್ಮೆ 1080ರಲ್ಲಿ, ಒಮ್ಮೆ 4ಕೆಯಲ್ಲಿ ಚಿತ್ರೀಕರಿಸಿ. ಎರಡನ್ನೂ ದೊಡ್ಡದು ಮಾಡಿ ಬೋರ್ಡಿನ ಕೆಳಗಿರೋ ಫೋನ್ ನಂಬರ್ ಓದಿ. ಎರಡರಲ್ಲೂ ಒಂದೇ ಥರ ಮಸುಕಾಗಿದ್ರೆ ನಾನೇ ಅಂತ ತಿಳ್ಕೊಳ್ಳಿ.

ಪ್ರಶ್ನೆ: ಅನೇಕರು ಅಪಘಾತವಾದರೆ ಸಾಕ್ಷಿ ಇರಲಿ ಎಂದು ಕೊಳ್ಳುತ್ತಾರೆ. ನಂಬರ್ ಪ್ಲೇಟ್ ಸೆರೆ ಸಿಗುತ್ತದೆಯೇ?

ಕ್ಯಾಮೆರಾ: ಲೆಕ್ಕ ನೀವೇ ಹಾಕಿ. ನನ್ನ ಕಣ್ಣಗಲ 140 ಡಿಗ್ರಿ ಅಂತ ಇಟ್ಕೊಳ್ಳಿ. ಅಷ್ಟಗಲದ ಲೋಕವನ್ನ 1920 ಚುಕ್ಕೀಲಿ ತುರುಕಬೇಕು. ಕಾರಿನ ಎಚ್‌ಎಸ್‌ಆರ್‌ಪಿ ಫಲಕ 500 ಮಿಲಿಮೀಟರ್ ಅಗಲ. ಹತ್ತು ಮೀಟರ್ ಮುಂದಿದ್ರೆ ನನ್ನ ಚಿತ್ರದಲ್ಲಿ ಅದಕ್ಕೆ ಸಿಗೋದು ನಲವತ್ತರಷ್ಟು ಚುಕ್ಕಿ. ಅದರೊಳಗೆ ಹತ್ತು ಅಕ್ಷರ ಅಂಕಿ ಕೂರಬೇಕು, ತಲಾ ನಾಲ್ಕು ಚುಕ್ಕಿ. ಬೈಕಿನ ಹಿಂದಿನ ಫಲಕ ಬರೀ 200 ಮಿಲಿಮೀಟರ್, ಅದು ಬಿಳೀ ಕಲೆ ಥರ ಕಾಣುತ್ತೆ. ಅಸಲಿ 4ಕೆ ಆಗಿದ್ರೆ ಚುಕ್ಕಿ ಎರಡರಷ್ಟು ಸಿಗ್ತಿತ್ತು, ಹಗಲಲ್ಲಿ ಓದಬಹುದಿತ್ತೇನೋ. 4ಕೆ ನಿಜವಾಗಿ ಉಪಯೋಗಕ್ಕೆ ಬರೋ ಜಾಗ ಇದು. ಅಲ್ಲೇ ನಾನು ಕೈಕೊಡೋದು.

ಪ್ರಶ್ನೆ: ಓದುವಂತಿದ್ದರೆ ಕೋರ್ಟಿನಲ್ಲಿ ನಡೆಯುತ್ತದೆಯೇ?

ಕ್ಯಾಮೆರಾ: ವಿಡಿಯೊ ಒಯ್ದು ಮೇಜಿನ ಮೇಲಿಟ್ಟರೆ ಆಗಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಜೊತೆಗಿರಬೇಕು. ಇನ್ನೊಂದು ವಿಷಯ. ಸಾಕ್ಷಿ ಒಬ್ಬರ ಪರ ಮಾತ್ರ ಹೇಳಲ್ಲ. ಅಡ್ಡ ಬಂದ ಆಟೊ ಅದರಲ್ಲಿರುತ್ತೆ. ಅದಕ್ಕೂ ಮುಂಚೆ ನೀವು ಒನ್‌ವೇನಲ್ಲಿ ನುಗ್ಗಿದ್ದೂ, ನಿಮ್ಮ ಸ್ಪೀಡೊಮೀಟರ್ ಮುಳ್ಳು ಎಲ್ಲಿತ್ತು ಅನ್ನೋದೂ ಇರುತ್ತೆ.

ಪ್ರಶ್ನೆ: ಅಲುಗಾಟದ ವಿಷಯಕ್ಕೆ ಬರೋಣ. ನಿಮ್ಮ ವಿಡಿಯೊ ನೋಡಿದವರಿಗೆ ತಲೆಸುತ್ತು ಬರುತ್ತದೆ ಎಂಬ ದೂರಿದೆ.

ಕ್ಯಾಮೆರಾ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನೀವು ನಗಬಹುದು, ಆದರೆ ನಮ್ಮ ನೆಲ ನಿಜವಾಗ್ಲೂ ಡೊಂಕು. ಒಳ್ಳೆ ಕ್ಯಾಮೆರಾದಲ್ಲಿ ಜೈರೊ ಅಲುಗಾಟವನ್ನ ಅಳೆಯುತ್ತೆ, ಚಿಪ್ಪು ಚಿತ್ರದ ಅಂಚನ್ನ ಕತ್ತರಿಸಿ ಮಧ್ಯದ ಭಾಗವನ್ನ ಆ ಕಡೆ ಈ ಕಡೆ ಸರಿಸಿ ಸಮ ಮಾಡುತ್ತೆ. ಗೋಪ್ರೋ 2018ರಲ್ಲಿ ಹೀರೊ 7 ಬ್ಲ್ಯಾಕ್‌ಗೆ ಹೈಪರ್‌ಸ್ಮೂತ್ ಕೊಟ್ಟಿತು. 2019ರಲ್ಲಿ ಡಿಜೆಐ ತನ್ನ ಮೊದಲ ಆಸ್ಮೊ ಆ್ಯಕ್ಷನ್‌ಗೆ ರಾಕ್‌ಸ್ಟೆಡಿ ಕೊಟ್ಟಿತು. ನನ್ನಲ್ಲೂ ಮೆನುವಿನಲ್ಲಿ ‘ಸ್ಟೆಬಿಲೈಸೇಷನ್ – ಆನ್’ ಅಂತ ಇದೆ. ಆನ್ ಮಾಡಿದರೆ ಮೆನುವಿನಲ್ಲಿ ‘ಆನ್’ ಅಂತ ಕಾಣುತ್ತೆ. ಅಷ್ಟೇ. ನನಗಿಂತ ಒಂದು ಮೆಟ್ಟಿಲು ಮೇಲಿರೋರಲ್ಲಿ ಕೆಲವರಿಗೆ ನಿಜವಾದ ಜೈರೊ ಇರುತ್ತೆ, ಆದ್ರೆ 4ಕೆಗೆ ಹೋದ ತಕ್ಷಣ ಅದು ಆಫ್ ಆಗುತ್ತೆ. ಅಂಥವರ ಹತ್ರ 1080ರಲ್ಲಿ, ಸೆಕೆಂಡಿಗೆ 60 ಚೌಕಟ್ಟು ಇಟ್ಟು ತೆಗೆದರೆ ಸೊಗಸಾಗಿ ಬರುತ್ತೆ. ಕತ್ತಲಾದ ಮೇಲೆ ಮಾತ್ರ ಯಾವ ಜೈರೊ ಬಂದರೂ ಕಷ್ಟ. ಶಟರ್ ನಿಧಾನ ಆಗಿ ಒಂದೊಂದು ಚೌಕಟ್ಟೂ ಮೊದಲೇ ಮಸುಕಾಗಿರುತ್ತೆ.

ಪ್ರಶ್ನೆ: ಹ್ಯಾಂಡಲ್‌ಗೆ ಕಟ್ಟಬೇಕೇ, ಹೆಲ್ಮೆಟ್‌ಗೇ?

ಕ್ಯಾಮೆರಾ: ಸಿಂಗಲ್ ಸಿಲಿಂಡರ್ ಬೈಕಿನ ಹ್ಯಾಂಡಲ್‌ಗೆ ಕಟ್ಟಿದ್ರೆ ರಸ್ತೆ, ಮರ, ಬೆಟ್ಟ ಎಲ್ಲ ಅಲ್ಲಾಡೋ ಜೆಲ್ಲಿ ಆಗುತ್ತೆ. ನನ್ನ ಸೆನ್ಸರ್ ಚಿತ್ರವನ್ನ ಮೇಲಿಂದ ಕೆಳಕ್ಕೆ ಸಾಲುಸಾಲಾಗಿ ಓದೋದರಿಂದ ಆ ನಡುಕವೆಲ್ಲ ವಕ್ರಗೆರೆಯಾಗಿ ಇಳಿಯುತ್ತೆ. ನಿಮ್ಮ ಕತ್ತಿಗಿಂತ ಒಳ್ಳೇ ಶಾಕ್ ಅಬ್ಸಾರ್ಬರ್ ಇಲ್ಲ. ಅದಕ್ಕೇ ಬಲ್ಲವರು ಹೆಲ್ಮೆಟ್ಟಿನ ಗಲ್ಲಕ್ಕೆ ಪಟ್ಟಿ ಹಾಕಿ ಕಟ್ತಾರೆ. ಆದ್ರೆ ಹೆಲ್ಮೆಟ್‌ಗೆ ತೂತು ಕೊರೆದು ಸ್ಕ್ರೂ ಹೊಡೀಬೇಡಿ. ಐಎಸ್‌ಐ ಗುರುತು ಕೊಟ್ಟಿದ್ದು ತೂತಿಲ್ಲದ ಹೆಲ್ಮೆಟ್‌ಗೆ. 2022ರಲ್ಲಿ ಕೇರಳದ ಮೋಟಾರು ವಾಹನ ಇಲಾಖೆ ಹೆಲ್ಮೆಟ್ ಕ್ಯಾಮೆರಾಗಳ ಮೇಲೇ ಕೆಂಗಣ್ಣು ಬೀರಿತ್ತು. ವಯನಾಡು ಕಡೆ ಹೊರಡೋರು ಅಲ್ಲಿನ ಈಗಿನ ನಿಯಮ ವಿಚಾರಿಸಿಕೊಂಡು ಹೋಗಿ.

ಪ್ರಶ್ನೆ: ಇಷ್ಟೆಲ್ಲ ರಗಳೆ ಯಾಕೆ? ಮೊಬೈಲನ್ನೇ ಹ್ಯಾಂಡಲ್‌ಗೆ ಸಿಕ್ಕಿಸಿದರೆ ಸಾಲದೇ?

ಕ್ಯಾಮೆರಾ: (ಎದೆಯುಬ್ಬಿಸಿ) ಇಲ್ಲಿ ನಾನು ಮಾತಾಡಲೇಬೇಕು. ದೊಡ್ಡ ಎಂಜಿನಿನ ಬೈಕುಗಳ ತೀವ್ರ ಕಂಪನದಿಂದ ಐಫೋನಿನ ಕ್ಯಾಮೆರಾ ಹಾಳಾಗಬಹುದು ಅಂತ 2021ರಲ್ಲಿ ಆ್ಯಪಲ್ ಕಂಪನಿಯೇ ಎಚ್ಚರಿಕೆ ಕೊಟ್ಟಿತ್ತು. ಅದರ ಲೆನ್ಸು ಒಳಗೆ ತೇಲ್ತಾ ಇರುತ್ತೆ, ನಾಜೂಕು. ನನ್ನ ಒಳಗೆ ಅಲ್ಲಾಡೋ ಭಾಗವೇ ಇಲ್ಲ. ಲಕ್ಷ ರೂಪಾಯಿ ಫೋನು ಹೆದರೋ ಜಾಗಕ್ಕೆ ಮೂರು ಸಾವಿರದವನು ಎದೆಗೊಟ್ಟು ಹೋಗ್ತೀನಿ. ಬಡತನಕ್ಕೂ ಒಂದು ಧೈರ್ಯ ಇರುತ್ತೆ, ಸ್ವಾಮಿ.

ಪ್ರಶ್ನೆ: ಮೂರು ಸಾವಿರಕ್ಕೇ ಖರ್ಚು ಮುಗಿಯುತ್ತದೆಯೇ?

ಕ್ಯಾಮೆರಾ: ಅದು ಪ್ರವೇಶ ಧನ. ಆಮೇಲೆ ಕಾರ್ಡ್. ನಿಜವಾದ 4ಕೆ ಕ್ಯಾಮೆರಾ ಸೆಕೆಂಡಿಗೆ 60 ಮೆಗಾಬಿಟ್ ಬರೆದರೆ ಗಂಟೆಗೆ 27 ಜಿಬಿ ಆಯ್ತು. 32 ಜಿಬಿ ಕಾರ್ಡು ನಂದಿಬೆಟ್ಟಕ್ಕೆ ಹೋಗಿ ಬರೋದರೊಳಗೆ ಖಲಾಸ್. ಕಾರ್ಡಿನ ಮೇಲೆ ‘ಯು3’ ಅಥವಾ ‘ವಿ30’ ಅಂತ ಇರಲಿ. ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯೋ ಭರವಸೆ ಅದು. ಅದರಲ್ಲೂ ನಕಲಿ ಇವೆ, ನಮ್ಮ ಬೀದೀಲೇ. ಬ್ಯಾಟರಿ ಒಂದು ಗಂಟೆ ಬಂದ್ರೆ ನನ್ನ ಪುಣ್ಯ, ಇನ್ನೊಂದು ಜೇಬಲ್ಲಿರಲಿ. ಆಮೇಲೆ ಗಲ್ಲದ ಪಟ್ಟಿ, ಮೈಕು.

ಪ್ರಶ್ನೆ: ಮೈಕು ಬೇರೆ ಬೇಕೇ?

ಕ್ಯಾಮೆರಾ: ನೀರು ಹೋಗದ ಡಬ್ಬಿಯೊಳಗೆ ಹಾಕಿದ್ರೆ ನೀರೂ ಬರಲ್ಲ, ಶಬ್ದವೂ ಬರಲ್ಲ. ಡಬ್ಬಿ ತೆಗೆದ್ರೆ ಗಾಳಿ ಬಿಟ್ಟು ಬೇರೇನೂ ಕೇಳಲ್ಲ. ‘ಹಾಯ್ ಫ್ರೆಂಡ್ಸ್, ವೆಲ್ಕಮ್ ಬ್ಯಾಕ್’ ಅಂತ ನೀವು ಅಷ್ಟು ಉತ್ಸಾಹದಿಂದ ಕೂಗಿದ್ದು ಕೊನೆಗೆ ‘ಭರ್‌ರ್‌ರ್’ ಅಂತಷ್ಟೇ ಉಳಿಯುತ್ತೆ. ನನಗೆ ಹೊರಗಿನ ಮೈಕು ಹಾಕೋ ತೂತೇ ಇಲ್ಲ. ಹೆಲ್ಮೆಟ್ಟಿನೊಳಗೆ ಸಣ್ಣ ಮೈಕು ಇಟ್ಟು ಜೇಬಿನ ಫೋನಿನಲ್ಲಿ ರೆಕಾರ್ಡ್ ಮಾಡಿ, ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆದರೆ ಆಮೇಲೆ ಎರಡನ್ನೂ ಹೊಂದಿಸಬಹುದು. ನನ್ನ ವಿಡಿಯೊಗೆ ಬೀಳೋ ಚಪ್ಪಾಳೆ ಅದೊಂದೇ.

ಪ್ರಶ್ನೆ: ನಿಮ್ಮ ಕಣ್ಣಿಗೆ ಬಿದ್ದ ಸವಾರಿಗಳು ಹೇಗಿರುತ್ತವೆ?

ಕ್ಯಾಮೆರಾ: ಮೊದಲ ದೃಶ್ಯ ಎಲ್ಲರದ್ದೂ ಒಂದೇ. ಕಪ್ಪು ಗ್ಲೌಸಿನ ಹೆಬ್ಬೆರಳು ಲೆನ್ಸನ್ನ ಒತ್ತುತ್ತೆ, ‘ಮಗಾ, ರೆಕಾರ್ಡ್ ಆಗ್ತಿದೆಯಾ? ಕೆಂಪು ಲೈಟ್ ಮಿಣುಕ್ತಿದೆಯಾ?’ ಅಂತ ದನಿ. ಮಿಣುಕ್ತಿರುತ್ತೆ, ಆದ್ರೆ ಖಾತ್ರಿಗೆ ಅಂತ ಬಟನ್ ಇನ್ನೊಮ್ಮೆ ಒತ್ತಿದ್ದಕ್ಕೆ ನಿಂತುಹೋಗುತ್ತೆ. ನಿಲ್ಲದೆ ಹೋದರೆ ಹೆಬ್ಬಾಳದ ರೋಡ್ ಹಂಪ್‌ಗೆ ಮೌಂಟಿನ ಸ್ಕ್ರೂ ಸಡಿಲ ಆಗಿ ನಾನು ತಲೆತಗ್ಗಿಸ್ತೀನಿ. ಅಲ್ಲಿಂದ ಬೆಟ್ಟದ ತುದಿವರೆಗೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ, ಜಾಕೆಟ್ಟಿನ ಜಿಪ್ಪು. ಸೂರ್ಯ ಹುಟ್ಟಿದ್ದು ಆ ಜಿಪ್ಪಿನ ಮೇಲೆ ಹೊಳೆದಾಗ ಗೊತ್ತಾಗುತ್ತೆ.

ಪ್ರಶ್ನೆ: ಬಂಡೀಪುರದಲ್ಲಿ ಆನೆ ತೆಗೆಯುವವರೂ ಇದ್ದಾರಲ್ಲ?

ಕ್ಯಾಮೆರಾ: ಅದನ್ನ ಮಾತ್ರ ನಗ್ತಾ ಹೇಳಲಾರೆ. ವೈಡ್ ಆ್ಯಂಗಲ್‌ನಲ್ಲಿ ಹತ್ತಿರ ಇರೋದೂ ದೂರ ಕಾಣುತ್ತೆ. ಪರದೆ ಮೇಲೆ ಆನೆ ಇಲಿಯಷ್ಟು ಚಿಕ್ಕದು ಅಂತ ಸವಾರ ಗಾಡಿ ನಿಲ್ಲಿಸಿ ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗ್ತಾನೆ. ಆನೆಗೆ ವೈಡ್ ಆ್ಯಂಗಲ್ ಇಲ್ಲ; ಅವನು ಎಷ್ಟು ದೂರದಲ್ಲಿದ್ದಾನೆ ಅಂತ ಅದಕ್ಕೆ ಸರಿಯಾಗಿ ಗೊತ್ತಿರುತ್ತೆ. ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವನ್ನೇ ತಡೆದಿರೋದು ಪ್ರಾಣಿಗಳಿಗಾಗಿ, ಹಗಲು ಬಿಟ್ಟಿರೋದು ಹಾದುಹೋಗಲಿ ಅಂತ.

ಪ್ರಶ್ನೆ: ಹಾಗಾದರೆ ನಿಮ್ಮನ್ನು ಕೊಳ್ಳಬೇಕೋ ಬೇಡವೋ?

ಕ್ಯಾಮೆರಾ: ಯಾತಕ್ಕೆ ಅನ್ನೋದನ್ನ ಮೊದಲು ಹೇಳಿ. ಆಗುಂಬೆಯ ತಿರುವುಗಳಲ್ಲಿ ಗೆಳೆಯರ ಜೊತೆ ಹೋಗಿದ್ದು ಮನೆಯವರಿಗೆ ತೋರಿಸೋಕಾದ್ರೆ, ಹಗಲು ಬೆಳಕಲ್ಲಿ 1080ಪಿ ಸಾಕು, ನಾನೂ ಸಾಕು. ಸಾಕ್ಷಿಗಾದ್ರೆ ಅಸಲಿ 4ಕೆ ಬೇಕು, ನಾನು ಬೇಡ. ಜನರಿಗೆ ತೋರಿಸೋ ಚಾನೆಲ್‌ಗಾದ್ರೆ ಮೊದಲು ಮೈಕು, ಆಮೇಲೆ ಜೈರೊ, ಎಲ್ಲ ಆದ ಮೇಲೆ 4ಕೆ. ದುಡ್ಡು ಕಮ್ಮಿ ಇದ್ದರೆ ನನ್ನಂಥ ಹೊಸ ಅನಾಮಧೇಯನ ಬದಲು ಹಳೇ ಹೀರೊ 7 ಬ್ಲ್ಯಾಕ್ ಥರದ್ದನ್ನ ಸೆಕೆಂಡ್ ಹ್ಯಾಂಡ್ ಹುಡುಕಿ. ಬ್ಯಾಟರಿ ಉಬ್ಬಿದೆಯಾ, ಲೆನ್ಸಿನ ಗಾಜು ಗೀರಿದೆಯಾ, ಪಕ್ಕದ ಬಾಗಿಲಿನ ರಬ್ಬರ್ ಹೋಗಿದೆಯಾ ನೋಡ್ಕೊಳ್ಳಿ. ಅದಕ್ಕೂ ಮುಂಚೆ ಗೆಳೆಯನ ಕ್ಯಾಮೆರಾ ಎರವಲು ತಂದು ಒಂದು ಸವಾರಿ ತೆಗೆದು, ವಿಡಿಯೊ ಮುಂದಕ್ಕೆ ಓಡಿಸದೆ ಪೂರ್ತಿ ಕೂತು ನೋಡಿ. ಸ್ವಂತ ಸವಾರಿಯನ್ನ ನಿಮಗೇ ನೋಡೋಕಾಗದಿದ್ರೆ ಆ ದುಡ್ಡಲ್ಲಿ ಒಳ್ಳೇ ಗ್ಲೌಸು ತಗೊಳ್ಳಿ.

ಪ್ರಶ್ನೆ: ಕೊನೆಯ ಪ್ರಶ್ನೆ. ವಾರಂಟಿ?

ಕ್ಯಾಮೆರಾ: ಏಳು ದಿನದ ಟೆಸ್ಟಿಂಗ್ ವಾರಂಟಿ. ಏಳು ದಿನದಲ್ಲಿ ಬರೋದು ಒಂದೇ ಭಾನುವಾರ. ಅವತ್ತು ಬೆಟ್ಟಕ್ಕೆ ಹೋಗಬೇಡಿ. ಮನೆ ಬೀದೀಲೇ ಹಂಪಿನ ಮೇಲೆ ನಾಲ್ಕು ಸಲ ಓಡಾಡಿ, ಕಾರ್ಡ್ ತುಂಬೋವರೆಗೆ ಬಿಡಿ, ಬಿಸಿಯಾಗಿ ನಿಲ್ಲುತ್ತಾ ನೋಡಿ, ರಾತ್ರಿ ಒಮ್ಮೆ ತೆಗೀರಿ. ಏನಾದ್ರೂ ಎಡವಟ್ಟಾಗಿದ್ರೆ ಸೋಮವಾರ ಬಿಲ್ ಹಿಡಕೊಂಡು ಬನ್ನಿ. ಬಿಲ್ ತಗೊಂಡಿದ್ರೆ ತಾನೆ? ಐನೂರು ರೂಪಾಯಿ ಉಳಿಸಿದ್ದು ಅಲ್ಲೇ, ಸ್ವಾಮಿ.