ಸೆಕೆಂಡ್‌ಹ್ಯಾಂಡ್ ಪಾಯಿಂಟುಗಳ ಮೀಮಾಂಸೆ

ರಜೆ ಕಳೆಯಲು ಕೋಣೆಯನ್ನು ಬಾಡಿಗೆಗೆ ಹಿಡಿಯುವ ಬದಲು ಅದರಲ್ಲೊಂದು ಪಾಲನ್ನೇ ಕೊಂಡುಬಿಡುವ ಟೈಮ್‌ಶೇರ್ ಎಂಬ ಪದ್ಧತಿಯು 1960ರ ದಶಕದ ಯುರೋಪಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಮೈ ತುಂಬಿಕೊಂಡು ಬೆಳೆಯಿತು. ಆರಂಭದಲ್ಲಿ ಮಾರಾಟವಾಗುತ್ತಿದ್ದುದು ವಾರ. ಇಂಥ ಕಟ್ಟಡದ ಇಂಥ ಮನೆ ವರ್ಷದ ಇಷ್ಟನೆಯ ವಾರದಲ್ಲಿ ಇಂಥವರದು ಎಂದು ಪತ್ರವಾದ ಮೇಲೆ, ಮಗುವಿಗೆ ಜ್ವರ ಬಂದರೂ ಸಮುದ್ರಕ್ಕೆ ಚಂಡಮಾರುತ ಬಂದರೂ ರಜೆಯ ಸುಖವನ್ನು ಆ ಏಳು ದಿನಗಳಲ್ಲಿಯೇ ಅನುಭವಿಸಿ ಮುಗಿಸಬೇಕಾಗಿತ್ತು. ಈ ಕಟ್ಟುಪಾಡನ್ನು ಸಡಿಲಿಸಲೆಂದು ಬಂದದ್ದು ಪಾಯಿಂಟು. ಕಂಪನಿಯೇ ಸೃಷ್ಟಿಸಿ, ಕಂಪನಿಯೇ ಬೆಲೆ ಕಟ್ಟಿ, ಕಂಪನಿಯ ಅಂಗಳದಲ್ಲಷ್ಟೇ ಚಲಾವಣೆಗೆ ಬಿಡುವ, ವರ್ಷಕ್ಕೊಮ್ಮೆ ಸದಸ್ಯನ ಖಾತೆಗೆ ತಾನಾಗಿ ಬಂದು ಬೀಳುವ ಈ ನಾಣ್ಯವನ್ನು ಡಿಸ್ನಿ ವೆಕೇಷನ್ ಕ್ಲಬ್ 1991ರಲ್ಲಿ ಬಾಗಿಲು ತೆರೆದಾಗಲೇ ಅಪ್ಪಿಕೊಂಡಿತು. 1984ರಿಂದ ವಾರಗಳನ್ನೇ ಮಾರುತ್ತಿದ್ದ ಮ್ಯಾರಿಯಟ್ 2010ರಲ್ಲಿ ಅದಕ್ಕೆ ಶರಣಾಯಿತು. ವಾರ ಕೊಂಡವನಿಗೆ ಸ್ವಾತಂತ್ರ್ಯವಿರಲಿಲ್ಲವಾದರೂ ತಾನು ಕೊಂಡದ್ದು ಏನೆಂಬುದು ತಿಳಿದಿರುತ್ತಿತ್ತು. ಪಾಯಿಂಟು ಕೊಂಡವನಿಗೆ ಸ್ವಾತಂತ್ರ್ಯ ಕೈಗೆ ಬಂತು, ತಿಳಿವಳಿಕೆಯನ್ನು ಮಾತ್ರ ಬೇರೆಯಾಗಿ ಸಂಪಾದಿಸಬೇಕಾಯಿತು.

ಇದನ್ನು ಕೊಳ್ಳುವ ದಾರಿಗಳು ಎರಡು. ಉಚಿತ ಉಪಾಹಾರದ ಆಸೆಗೆ ಮಾರಾಟದ ಕೊಠಡಿಗೆ ಹೋಗಿ, ಎರಡು ತಾಸು ಕಳೆದ ಮೇಲೆ ಸುಸ್ತಾಗಿ ಸಹಿ ಹಾಕುವುದು ಮೊದಲನೆಯದು. ಹಾಗೆ ಸಹಿ ಹಾಕಿ ಈಗ ಪರಿತಪಿಸುತ್ತಿರುವವರಿಂದ ಕಡಿಮೆ ಬೆಲೆಗೆ ಕೊಳ್ಳುವುದು, ಅಂದರೆ ರೀಸೇಲ್, ಎರಡನೆಯದು. ಮೊದಲ ದಾರಿಯವರ ಮೇಲೆ ಕನಿಕರಗೊಂಡು ಕಾನೂನು ಒಪ್ಪಂದ ಮುರಿಯಲು ಒಂದಿಷ್ಟು ಕಾಲಾವಕಾಶವನ್ನು ಕೊಟ್ಟಿದೆ. ಫ್ಲಾರಿಡಾದಲ್ಲಿ ಅದು 10 ದಿನ, ನೆವಾಡಾದಲ್ಲಿ 5 ದಿನ. ನೆವಾಡಾದವರಿಗೆ ಬುದ್ಧಿ ಎರಡು ಪಟ್ಟು ಬೇಗ ಬರುತ್ತದೆಂಬ ನಂಬಿಕೆ ಅಲ್ಲಿಯ ಶಾಸಕರಿಗೆ ಯಾಕೆ ಬಂತೆಂಬುದನ್ನು ಲಾಸ್ ವೇಗಸ್ಸನ್ನು ಕಂಡವರೇ ವಿವರಿಸಬೇಕು.

ರೀಸೇಲ್ ಪೇಟೆಗೆ ಹೊಸದಾಗಿ ಕಾಲಿಟ್ಟವನನ್ನು ಬೆರಗುಗೊಳಿಸುವುದು ಅಲ್ಲಿಯ ಅಗ್ಗ. ಯಾರೋ ಸಾವಿರಾರು ಡಾಲರ್ ತೆತ್ತು ಕೊಂಡ ಪಾಯಿಂಟುಗಳು ಈಬೇಯಲ್ಲಿ ಒಂದು ಡಾಲರಿಗೆ ಬಿಕರಿಗಿರುತ್ತವೆ, ಕೆಲವೊಮ್ಮೆ ವರ್ಗಾವಣೆಯ ಖರ್ಚನ್ನೂ ಮಾರುವವನೇ ಹೊರುತ್ತಾನೆ. ಈ ಔದಾರ್ಯಕ್ಕೆ ಕಾರಣ ನಿರ್ವಹಣಾ ಶುಲ್ಕ. ಛಾವಣಿ, ಈಜುಕೊಳ, ವಿಮೆ, ಆಸ್ತಿ ತೆರಿಗೆಗಳಿಗೆಂದು ಪ್ರತಿ ವರ್ಷ ವಸೂಲಾಗುವ ಈ ಹಣವನ್ನು ಸದಸ್ಯ ಹೋದರೂ ಹೋಗದಿದ್ದರೂ ಕಟ್ಟಲೇಬೇಕು. ಪಾಯಿಂಟಿಗೆ 8 ಡಾಲರಿನಂತೆ 150 ಪಾಯಿಂಟುಗಳ ಒಪ್ಪಂದವೊಂದಿದೆ ಎಂದಿಟ್ಟುಕೊಂಡರೆ, ವರ್ಷಕ್ಕೆ 1,200 ಡಾಲರುಗಳನ್ನು ತೆತ್ತ ಮೇಲೆಯೇ ಮಂಚದ ಮಾತು. ಆದುದರಿಂದ ಕೊಳ್ಳುವ ಬೆಲೆ ಎಷ್ಟೆಂದು ಕೇಳುವವನು ಹೊಸಬ, ವರ್ಷದ ಶುಲ್ಕ ಎಷ್ಟೆಂದು ಕೇಳುವವನು ಅನುಭವಿ. ಡಿಸ್ನಿಯ ರೀಸೇಲಿನಲ್ಲಿ ವೀರೋ ಬೀಚ್ ರೆಸಾರ್ಟಿನ ಪಾಯಿಂಟು ತೀರ ಅಗ್ಗವಾಗಿ ಸಿಗುವುದೂ, ಅದರ ಶುಲ್ಕ ತೀರ ದುಬಾರಿಯಾಗಿರುವುದೂ ಬೇರೆ ಬೇರೆ ಸುದ್ದಿಗಳಲ್ಲ. ಸಮುದ್ರದ ಅಂಚಿನಲ್ಲಿ ಕಟ್ಟಡ ನಿಲ್ಲಿಸಿದವರಿಗೆ ವಿಮೆಯವರು ರಿಯಾಯಿತಿ ತೋರಿಸುವುದಿಲ್ಲ.

ಹಿಲ್ಟನ್ ಗ್ರ್ಯಾಂಡ್ ವೆಕೇಷನ್ಸ್‌ನ ಹಳೆಯ ವ್ಯವಸ್ಥೆ ಇದಕ್ಕಿಂತ ಸೂಕ್ಷ್ಮವಾದದ್ದು ಮತ್ತು ರಸಿಕರಿಗೆ ಹೆಚ್ಚು ಪ್ರಿಯವಾದದ್ದು. ಅಲ್ಲಿ ಶುಲ್ಕ ನಿಗದಿಯಾಗುವುದು ಮನೆಯ ಅಳತೆಯಿಂದ, ಪಾಯಿಂಟು ಸಿಗುವುದು ಋತುವಿನಿಂದ. ಪ್ಲಾಟಿನಂ, ಗೋಲ್ಡ್, ಸಿಲ್ವರ್ ಎಂದು ಋತುಗಳಿಗೆ ಲೋಹದ ಹೆಸರುಗಳಿವೆ. ಒಂದೇ ರೆಸಾರ್ಟಿನ ಒಂದೇ ಅಳತೆಯ ಎರಡು ಮಲಗುವ ಕೋಣೆಗಳ ಮನೆಗೆ ಪ್ಲಾಟಿನಂ ಕೊಂಡವನು ಹಳೆಯ ಲೆಕ್ಕದಲ್ಲಿ 7,000 ಪಾಯಿಂಟು ಪಡೆದರೆ ಗೋಲ್ಡ್ ಕೊಂಡವನು 5,000 ಪಡೆಯುತ್ತಿದ್ದನು, ಆದರೆ ಶುಲ್ಕ ಕಟ್ಟುವಾಗ ಇಬ್ಬರೂ ಸರಿಸಮಾನರು. ಹೀಗಾಗಿ ಬಲ್ಲವರು ಶುಲ್ಕ ಕಡಿಮೆಯಿರುವ ಲಾಸ್ ವೇಗಸ್ಸಿನಲ್ಲಿ ಪ್ಲಾಟಿನಂ ಕೊಂಡು, ಅದರ ಪಾಯಿಂಟುಗಳಿಂದ ಹವಾಯಿಗೆ ಹೋಗುತ್ತಾರೆ; ಜೂಜಿನ ಊರಿನಲ್ಲಿ ಮನೆಯಿದ್ದೂ ಅಲ್ಲಿಗೆ ಒಮ್ಮೆಯೂ ಹೋಗದ ಸದ್ಗೃಹಸ್ಥರು ಈ ಲೆಕ್ಕಾಚಾರದಿಂದ ಉಂಟಾದವರು.

ಕಂಪನಿಗಳು ಕಣ್ಣು ಮುಚ್ಚಿ ಕುಳಿತಿಲ್ಲ. ಪಾಯಿಂಟು ಕೈಯಿಂದ ಕೈಗೆ ದಾಟುವಾಗ ಅದರ ಗೌರವ ಸ್ವಲ್ಪ ಸ್ವಲ್ಪವಾಗಿ ಉದುರುವಂತೆ ಅವು ನಿಯಮಗಳನ್ನು ಹೆಣೆದಿವೆ. ಕ್ಲಬ್ ವಿಂಡಮ್‌ನಲ್ಲಿ ರೀಸೇಲ್ ಪಾಯಿಂಟು ಎಷ್ಟು ಲಕ್ಷ ಗುಡ್ಡೆ ಹಾಕಿದರೂ ವಿಐಪಿ ಪಟ್ಟ ದೊರೆಯದು. ಕೊನೆಯ ಗಳಿಗೆಯ ರಿಯಾಯಿತಿಯಾಗಲಿ ದೊಡ್ಡ ಮನೆಗೆ ಬಡ್ತಿಯಾಗಲಿ ಕಂಪನಿಯಿಂದ ನೇರವಾಗಿ ಕೊಂಡವರ ಸೊತ್ತು. ಹಿಲ್ಟನ್ 2022ರಲ್ಲಿ ತಂದ ಮ್ಯಾಕ್ಸ್ ಎಂಬ ಸದಸ್ಯತ್ವದ ಬಾಗಿಲೂ ರೀಸೇಲಿನವರಿಗೆ ಮುಚ್ಚಿದೆ. ಡಿಸ್ನಿಯದು ಎಲ್ಲಕ್ಕಿಂತ ಕಟ್ಟುನಿಟ್ಟು: 2019ರ ಜನವರಿ 19ರ ನಂತರ ಹಳೆಯ 14 ರೆಸಾರ್ಟುಗಳಲ್ಲಿ ರೀಸೇಲ್ ಕೊಂಡವರು ಅದೇ ವರ್ಷ ಡಿಸೆಂಬರಿನಲ್ಲಿ ತೆರೆದ ರಿವಿಯೆರಾದಲ್ಲಿ ಪಾಯಿಂಟಿನ ಮೇಲೆ ತಂಗುವಂತಿಲ್ಲ, ರಿವಿಯೆರಾವನ್ನು ರೀಸೇಲಿನಲ್ಲಿ ಕೊಂಡವರು ರಿವಿಯೆರಾವನ್ನು ಬಿಟ್ಟು ಬೇರೆಲ್ಲಿಯೂ ತಂಗುವಂತಿಲ್ಲ. ಹಾಗೆ ನೋಡಿದರೆ ವ್ಯವಸ್ಥೆಗಳ ನಡುವಿನ ಆಯ್ಕೆಯೆಂಬುದು ಸೌಲಭ್ಯಗಳ ಆಯ್ಕೆಯೇ ಅಲ್ಲ. ಯಾವ ಅವಮಾನ ತನಗೆ ನಾಟುವುದಿಲ್ಲವೆಂಬುದನ್ನು ಕೊಳ್ಳುವವನು ಮೊದಲೇ ಗುರುತಿಸಿಕೊಳ್ಳುವ ಕ್ರಮವಷ್ಟೆ. ರಿವಿಯೆರಾದ ಆಸೆಯೇ ಇಲ್ಲದವನಿಗೆ ಆ ನಿಷೇಧ ಬೆಲೆ ಇಳಿಸಿದ ಮಹೋಪಕಾರವಾಗಿ ಕಾಣಬಹುದು.

ನ್ಯೂಜೆರ್ಸಿಯಲ್ಲೋ ಟೆಕ್ಸಸಿನಲ್ಲೋ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಈ ಶಾಸ್ತ್ರವು ಒಲೆಯ ಪ್ರಶ್ನೆಯಿಂದ ಇನ್ನಷ್ಟು ಜಟಿಲವಾಗುತ್ತದೆ. ಊರಿನಿಂದ ಆರು ತಿಂಗಳಿಗೆಂದು ಬಂದ ತಂದೆತಾಯಿಯರನ್ನು ಓರ್ಲ್ಯಾಂಡೋಗೆ ಕರೆದೊಯ್ಯುವುದು ಬಹುತೇಕ ಸಂಸ್ಕಾರವೇ ಆಗಿರುವುದರಿಂದ, ಡಿಸ್ನಿಯ ಸ್ಟುಡಿಯೋ ಎಂಬ ಒಂಟಿ ಕೋಣೆಯಲ್ಲಿ ಮೈಕ್ರೋವೇವ್ ಮತ್ತು ಪುಟ್ಟ ಫ್ರಿಜ್ ಮಾತ್ರ ಇರುತ್ತವೆಂಬುದೂ, ಒಲೆಯುಳ್ಳ ಪೂರ್ತಿ ಅಡುಗೆಮನೆ ಬೇಕಾದರೆ ಒಂದು ಮಲಗುವ ಕೋಣೆಯ ಮನೆಗೆ ಹತ್ತಿರ ಹತ್ತಿರ ಎರಡು ಪಟ್ಟು ಪಾಯಿಂಟು ಸುರಿಯಬೇಕೆಂಬುದೂ ಮುಖ್ಯ ಸಂಗತಿಗಳಾಗುತ್ತವೆ. ಕುಕ್ಕರಿನ ಮೂರು ಕೂಗಿಗೂ ಒಂದು ಒಗ್ಗರಣೆಗೂ ಇಷ್ಟು ಪಾಯಿಂಟು ತೆರಬಹುದೇ ಎಂದು ಮಗ ತರ್ಕಿಸುತ್ತಿದ್ದರೆ, ನಾಲ್ಕು ದಿನ ಪಿಜ್ಜಾ ತಿಂದು ಅತ್ತೆಯವರ ಹೊಟ್ಟೆ ಕೆಟ್ಟರೆ ಯಾವ ಪಾಯಿಂಟಿನಿಂದ ಸರಿಯಾದೀತು ಎಂದು ಸೊಸೆ ಮರುತರ್ಕ ಹೂಡುತ್ತಾಳೆ. ಮಕ್ಕಳ ಶಾಲೆಗೆ ರಜೆ ಬರುವ ಕ್ರಿಸ್‌ಮಸ್ಸಿನಲ್ಲಿಯೇ ಪಾಯಿಂಟಿನ ದರ ಶಿಖರಕ್ಕೇರುತ್ತದೆ; ಶುಕ್ರವಾರ, ಶನಿವಾರದ ರಾತ್ರಿಗಳಿಗೂ ಸಾಮಾನ್ಯವಾಗಿ ಹೆಚ್ಚಿನ ದರ. ಡಿಸ್ನಿಯಲ್ಲಿ ಪಾಯಿಂಟು ಕೊಂಡ ಸ್ವಂತ ರೆಸಾರ್ಟನ್ನು 11 ತಿಂಗಳ ಮುಂಚೆ, ಉಳಿದವನ್ನು 7 ತಿಂಗಳ ಮುಂಚೆ ಕಾದಿರಿಸಬಹುದು. ವಿಂಡಮ್‌ನಲ್ಲಿ ಈ ಗಡುವುಗಳು 13 ಮತ್ತು 10 ತಿಂಗಳು. ವಿರಾಮಕ್ಕಾಗಿ ಕಂಡುಹಿಡಿದ ಈ ವ್ಯವಸ್ಥೆಯಲ್ಲಿ ಅಲಾರಂ ಇಟ್ಟುಕೊಂಡು ಎದ್ದು, ಮುಂದಿನ ವರ್ಷದ ನಿದ್ದೆಗೆ ಜಾಗ ಹಿಡಿಯಬೇಕಾಗುತ್ತದೆ.

ಅವಧಿಯ ವಿಷಯದಲ್ಲಿ ಹಿರಿಯರ ಪ್ರಶ್ನೆಗಳೇ ಹರಿತವಾಗಿರುತ್ತವೆ. ಡಿಸ್ನಿಯ ಬೀಚ್ ಕ್ಲಬ್, ಬೋರ್ಡ್‌ವಾಕ್ ಮುಂತಾದವುಗಳ ಒಪ್ಪಂದ 2042ಕ್ಕೆ, ಸರಟೋಗಾ ಸ್ಪ್ರಿಂಗ್ಸ್‌ನದು 2054ಕ್ಕೆ ಮುಗಿದು ಕಟ್ಟಡ ಕಂಪನಿಗೆ ಮರಳುತ್ತದೆ ಎಂದು ಮಗ ವಿವರಿಸಿದಾಗ, ಇದು ನಮ್ಮ ಕಡೆಯ ಭೋಗ್ಯದ ಹಾಗಾಯಿತಲ್ಲ, ಭೋಗ್ಯವಾದರೆ ಅವಧಿ ಮುಗಿದ ಮೇಲೆ ಕೊಟ್ಟ ದುಡ್ಡು ವಾಪಸು ಬರುತ್ತದಲ್ಲ ಎಂದು ತಂದೆ ಕೇಳುತ್ತಾರೆ, ಅದಕ್ಕೆ ಉತ್ತರವಿಲ್ಲ. ಆದರೂ ಕೊನೆಯ ದಿನವಿರುವುದು ಒಂದು ಗುಣವೇ ಸರಿ; ಹಿಲ್ಟನ್, ವಿಂಡಮ್‌ಗಳ ಅನೇಕ ಪತ್ರಗಳಿಗೆ ಕೊನೆಯೆಂಬುದೇ ಇಲ್ಲದೆ, ಮಾಲೀಕನು ಸ್ವರ್ಗಸ್ಥನಾದ ಮೇಲೆ ನಿರ್ವಹಣಾ ಶುಲ್ಕದ ಬಿಲ್ಲು ಅವನ ಮಕ್ಕಳನ್ನು ಹುಡುಕಿಕೊಂಡು ಬರುವ ಸಂಭವವಿದೆ, ಮಕ್ಕಳು ವಕೀಲರ ಬಳಿಗೆ ಹೋಗಿ ಈ ಪಿತ್ರಾರ್ಜಿತ ನಮಗೆ ಬೇಡವೆಂದು ಬರೆದುಕೊಡುವುದೂ ಉಂಟು.

ಇಷ್ಟೆಲ್ಲ ತೂಗಿ ಒಂದು ವ್ಯವಸ್ಥೆಯನ್ನು ಆರಿಸಿದ ಮೇಲೆ ಒಪ್ಪಂದಗಳನ್ನು ಒಂದೊಂದಾಗಿ ಪರಿಶೀಲಿಸಬೇಕು. ಹಿಂದಿನ ವರ್ಷದ ಪಾಯಿಂಟು ಉಳಿಸಿ ಕೂಡಿಟ್ಟದ್ದಾದರೆ ದಲ್ಲಾಳಿಗಳು ಅದನ್ನು ಲೋಡೆಡ್ ಎನ್ನುತ್ತಾರೆ. ಮಾರುವವನು ಬರುವ ವರ್ಷದ ಪಾಯಿಂಟನ್ನೂ ಮುಂಗಡ ಪಡೆದು ಉಂಡುಹೋಗಿದ್ದರೆ ಅದು ಸ್ಟ್ರಿಪ್ಡ್. ಡಿಸ್ನಿಯ ಒಪ್ಪಂದವಾದರೆ ಬೆಲೆ ಕುದುರಿದ ಮೇಲೂ ವ್ಯವಹಾರ ಮುಗಿಯುವುದಿಲ್ಲ, ಏಕೆಂದರೆ ಅದೇ ಬೆಲೆ ಕೊಟ್ಟು ತಾನೇ ಕೊಂಡುಕೊಳ್ಳುವ ಮೊದಲ ಹಕ್ಕು ಡಿಸ್ನಿಯದಾಗಿದ್ದು, ಅದನ್ನು ಚಲಾಯಿಸುವುದೋ ಬಿಡುವುದೋ ಎಂದು ತೀರ್ಮಾನಿಸಲು ಅದಕ್ಕೆ ಸುಮಾರು ಒಂದು ತಿಂಗಳ ಅವಕಾಶವಿದೆ. ಆ ತಿಂಗಳಿಡೀ ಮನೆಯಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ವಾತಾವರಣವಿರುತ್ತದೆ. ಕಂಪನಿ ಹಕ್ಕು ಚಲಾಯಿಸಿದರೆ ಒಪ್ಪಂದ ಕೈ ತಪ್ಪುತ್ತದೆ, ಆದರೆ ಹಿಡಿದ ಬೆಲೆ ಬಲು ಅಗ್ಗದ್ದಾಗಿತ್ತೆಂಬ ಹೆಮ್ಮೆ ಉಳಿದು, ಆ ಸಂಗತಿಯನ್ನು ಗೆಳೆಯರ ಮನೆಯ ಊಟಗಳಲ್ಲಿ ವರ್ಷವಿಡೀ ಹೇಳಬಹುದು. ಹಕ್ಕು ಬಿಟ್ಟುಕೊಟ್ಟರೆ ಒಪ್ಪಂದ ದಕ್ಕುತ್ತದೆ. ಅದರ ಹಿಂದೆಯೇ, ಡಿಸ್ನಿಗೂ ಬೇಡವಾದ ಬೆಲೆಗೆ ಕೊಂಡು ಕೆಟ್ಟೆವೇನೋ ಎಂಬ ಅನುಮಾನವೂ ಮನೆಯೊಳಗೆ ಬಂದು ಕೂರುತ್ತದೆ.